ಮರಳಿನ ಮೇಲೆ ಐದು ರನ್‌ವೇ

ದುಬೈ ಅಂತರರಾಷ್ಟ್ರೀಯ ವಿಮಾನ ನಿಲ್ದಾಣದಲ್ಲಿ ಎರಡು ರನ್‌ವೇಗಳಿವೆ. ಒಂದೊಂದೂ ನಾಲ್ಕು ಕಿಲೋಮೀಟರಿಗಿಂತ ಉದ್ದ. ಉದ್ದಕ್ಕೇನೂ ಕೊರತೆಯಿಲ್ಲ, ಕೊರತೆ ಇರುವುದು ಅವೆರಡರ ನಡುವಿನ ಜಾಗಕ್ಕೆ. ಅಕ್ಕಪಕ್ಕ ಚಾಚಿಕೊಂಡಿರುವ ಈ ಪಟ್ಟಿಗಳ ನಡುವೆ 400 ಮೀಟರೂ ಇಲ್ಲ. ಎರಡು ವಿಮಾನಗಳು ಒಂದರ ಗೊಡವೆ ಇನ್ನೊಂದಕ್ಕಿಲ್ಲದಂತೆ ಏಕಕಾಲಕ್ಕೆ ಇಳಿಯಬೇಕಾದರೆ ರನ್‌ವೇಗಳ ನಡುವೆ ಕನಿಷ್ಠ 1,035 ಮೀಟರ್ ಅಂತರ ಬೇಕೆಂಬುದು ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯ ನಿಯಮ. ಹಾಗಾಗಿ ರನ್‌ವೇ ಎರಡಿದ್ದರೂ ಎರಡರ ಪೂರ್ತಿ ದುಡಿಮೆ ಸಿಗುವುದಿಲ್ಲ. ಈ ಇಕ್ಕಟ್ಟಿನಲ್ಲೇ 2024ರಲ್ಲಿ 9.23 ಕೋಟಿ ಪ್ರಯಾಣಿಕರು ಹಾದುಹೋದರು. 2014ರಲ್ಲಿ ಲಂಡನ್ನಿನ ಹೀಥ್ರೂವನ್ನು ಹಿಂದಿಕ್ಕಿದ ಮೇಲೆ, ವಿದೇಶ ಪ್ರಯಾಣಿಕರ ಲೆಕ್ಕದಲ್ಲಿ ಜಗತ್ತಿನ ಮೊದಲ ಸ್ಥಾನ ಈ ನಿಲ್ದಾಣದ್ದು.

ಮೂರನೆಯ ರನ್‌ವೇ ಹಾಕೋಣವೆಂದರೆ ಎಲ್ಲಿ? ಒಂದು ಮಗ್ಗುಲಿಗೆ ದೇರಾ ಮತ್ತು ಗರ್ಹೂದ್ ಬಡಾವಣೆಗಳು, ಇನ್ನೊಂದು ಮಗ್ಗುಲಿಗೆ ಕುಸೈಸ್, ಅದರಾಚೆ ಶಾರ್ಜಾದ ಗಡಿ. ನಿಲ್ದಾಣ ಬೆಳೆಸಿದ ಊರೇ ನಿಲ್ದಾಣವನ್ನು ಸುತ್ತುಗಟ್ಟಿ ಕೂತಿದೆ. ಆದ್ದರಿಂದ ಇಡೀ ನಿಲ್ದಾಣವನ್ನೇ ಎತ್ತಿಕೊಂಡು ಹೋಗಿ ಊರಿನ ನೈಋತ್ಯಕ್ಕಿರುವ ಜೆಬೆಲ್ ಅಲಿಯ ಒಳನಾಡಿನಲ್ಲಿ ಇಡಬೇಕೆಂಬ ತೀರ್ಮಾನ. ಅಲ್ಲಿ ಒಂದೇ ರನ್‌ವೇಯ ಅಲ್ ಮಕ್ತೂಮ್ ನಿಲ್ದಾಣ ಆಗಲೇ ಇದೆ. ಅದರ ಹೊಸ ಟರ್ಮಿನಲ್‌ಗಳ ನಕ್ಷೆಗೆ ದುಬೈ ಆಡಳಿತಗಾರ ಶೇಖ್ ಮೊಹಮ್ಮದ್ ಬಿನ್ ರಶೀದ್ ಅಲ್ ಮಕ್ತೂಮ್ 2024ರ ಏಪ್ರಿಲ್ 28ರಂದು ಒಪ್ಪಿಗೆ ಕೊಟ್ಟರು. ಐದು ಸಮಾನಾಂತರ ರನ್‌ವೇ, 400 ಗೇಟು, 70 ಚದರ ಕಿಲೋಮೀಟರ್ ಜಾಗ, ವರ್ಷಕ್ಕೆ 26 ಕೋಟಿ ಪ್ರಯಾಣಿಕರು ಮತ್ತು 1.2 ಕೋಟಿ ಟನ್ ಸರಕು. ಖರ್ಚು 12,800 ಕೋಟಿ ದಿರ್ಹಮ್, ಅಂದರೆ ಆಗಿನ ದರದಲ್ಲಿ ಸುಮಾರು 2.9 ಲಕ್ಷ ಕೋಟಿ ರೂಪಾಯಿ. ಅದೇ ವರ್ಷ ಕರ್ನಾಟಕ ಸರ್ಕಾರ ಮಂಡಿಸಿದ ಬಜೆಟ್ಟಿನ ಮುಕ್ಕಾಲು ಪಾಲಿಗಿಂತ ಹೆಚ್ಚು. ಬೆಂಗಳೂರಿನ ಕೆಂಪೇಗೌಡ ನಿಲ್ದಾಣದ ಜಾಗ ಸುಮಾರು 4,000 ಎಕರೆ. ಅಂಥ ನಾಲ್ಕು ನಿಲ್ದಾಣ ಇಟ್ಟರೂ ಅಲ್ಲಿ ಇನ್ನಷ್ಟು ನೆಲ ಉಳಿಯುತ್ತದೆ.

26 ಕೋಟಿ ಎಂದಾಗ ಬೆರಗಾಗುವ ಮುಂಚೆ ವಿಮಾನ ನಿಲ್ದಾಣಗಳ ತಲೆ ಎಣಿಕೆಯ ರೀತಿಯನ್ನು ತಿಳಿದುಕೊಂಡಿರಬೇಕು. ಬೆಂಗಳೂರಿನಿಂದ ಹೊರಟು ದುಬೈನಲ್ಲಿ ವಿಮಾನ ಬದಲಿಸಿ ಲಂಡನ್ನಿಗೆ ಹೋಗುವ ಒಬ್ಬರನ್ನು ದುಬೈ ಎರಡು ಸಲ ಎಣಿಸುತ್ತದೆ: ಇಳಿಯುವಾಗ ಒಮ್ಮೆ, ಏರುವಾಗ ಒಮ್ಮೆ. ಇದು ದುಬೈನ ಜಾಣ್ಮೆಯಲ್ಲ, ಎಲ್ಲ ಕಡೆಯ ರೂಢಿ. ಆದರೆ ಹಾದುಹೋಗುವವರೇ ಹೆಚ್ಚಿರುವ ನಿಲ್ದಾಣದಲ್ಲಿ ಈ ಎಣಿಕೆ ಅಂಕಿಯನ್ನು ಚೆನ್ನಾಗಿ ಉಬ್ಬಿಸುತ್ತದೆ. ಅದನ್ನು ಕಳೆದರೂ ಉಳಿಯುವ ಗಾತ್ರ ಸಣ್ಣದೇನಲ್ಲ. ದುಬೈನ ಜನಸಂಖ್ಯೆ 40 ಲಕ್ಷ ಮುಟ್ಟಿಲ್ಲದ ಹೊತ್ತಿನಲ್ಲಿ ಹಾಕಿದ ನಕ್ಷೆ ಇದು. ತನ್ನ ಜನರ ಪ್ರಯಾಣಕ್ಕೆಂದು ಯಾವ ಊರೂ ಇಷ್ಟು ದೊಡ್ಡದನ್ನು ಕಟ್ಟುವುದಿಲ್ಲ.

ಭಾರತದ ದಾರಿಯ ತಂಗುದಾಣ

ಈ ಭಾಗಕ್ಕೆ ವಿಮಾನ ಬಂದದ್ದೇ ಬೇರೆಲ್ಲಿಗೋ ಹೋಗುವವರಿಗಾಗಿ. 1932ರಲ್ಲಿ ಬ್ರಿಟನ್ನಿನ ಇಂಪೀರಿಯಲ್ ಏರ್‌ವೇಸ್ ಶಾರ್ಜಾದಲ್ಲಿ ಒಂದು ಇಳಿದಾಣ ಮಾಡಿತು. ಲಂಡನ್ನಿನಿಂದ ಕರಾಚಿಗೆ, ಅಲ್ಲಿಂದ ಭಾರತದ ಒಳಕ್ಕೆ ಹೋಗುವ ವಿಮಾನಗಳಿಗೆ ರಾತ್ರಿ ತಂಗಲು, ಇಂಧನ ತುಂಬಲು ಒಂದು ಜಾಗ ಬೇಕಿತ್ತು. ಪ್ರಯಾಣಿಕರು ಮಲಗಲು ಕೋಟೆಯಂಥ ಒಂದು ಕಟ್ಟಡ ಎದ್ದಿತು. ಐದು ವರ್ಷಗಳ ನಂತರ ದುಬೈನ ಕಡಲ ಕವಲಿನಲ್ಲಿ ನೀರಿನ ಮೇಲಿಳಿಯುವ ವಿಮಾನಗಳಿಗೂ ಒಪ್ಪಂದವಾಯಿತು. ಆದರೂ ನೆಲದ ಮೇಲೆ ಇಳಿಯುವ ವಿಮಾನ ಹತ್ತಬೇಕೆಂದರೆ ದುಬೈನವರು ಶಾರ್ಜಾಕ್ಕೇ ಹೋಗಬೇಕಿತ್ತು.

ಈ ಪರಾವಲಂಬನೆ ಆಗಿನ ದುಬೈ ದೊರೆ ಶೇಖ್ ರಶೀದ್ ಬಿನ್ ಸಯೀದ್ ಅವರಿಗೆ ಹಿಡಿಸಲಿಲ್ಲ. 1959ರಲ್ಲಿ ಅವರು ಆಜ್ಞೆ ಮಾಡಿದರು. 1960ರ ಸೆಪ್ಟೆಂಬರ್ 30ರಂದು ದುಬೈನ ಸ್ವಂತ ನಿಲ್ದಾಣ ತೆರೆಯಿತು. ರನ್‌ವೇ ಎಂದರೆ ಡಾಂಬರೂ ಅಲ್ಲ, ಕಾಂಕ್ರೀಟೂ ಅಲ್ಲ, ಗಟ್ಟಿಯಾಗಿ ಒತ್ತಿದ 1,800 ಮೀಟರ್ ಮರಳು. ಅದರ ಮೇಲೆ ಡಿಸಿ-3 ವಿಮಾನಗಳು ಇಳಿದವು. ಆಗ ದುಬೈನ ಪೇಟೆಯಲ್ಲಿ ಓಡುತ್ತಿದ್ದ ಹಣ ಯಾವುದು ಗೊತ್ತೆ? ನಮ್ಮ ರಿಸರ್ವ್ ಬ್ಯಾಂಕ್ ಕೊಲ್ಲಿ ನಾಡುಗಳಿಗೆಂದೇ ಅಚ್ಚು ಹಾಕಿದ ರೂಪಾಯಿ. 1966ರವರೆಗೂ ಅದೇ ಚಲಾವಣೆಯಲ್ಲಿತ್ತು.

ದುಬೈನಲ್ಲಿ ಎಣ್ಣೆ ಸಿಕ್ಕಿದ್ದು ಕೂಡ 1966ರಲ್ಲೇ. ಅಂದರೆ ನಿಲ್ದಾಣ ಮೊದಲು, ಎಣ್ಣೆ ಆಮೇಲೆ. ಗಲ್ಫ್ ಎಂದೊಡನೆ ಎಲ್ಲವೂ ಎಣ್ಣೆ ದುಡ್ಡಿನ ಆಟ ಎಂದುಕೊಳ್ಳುವ ನಾವು ಈ ಕ್ರಮವನ್ನು ಗಮನಿಸಬೇಕು. ಪಕ್ಕದ ಅಬುಧಾಬಿಗೆ ಹೋಲಿಸಿದರೆ ದುಬೈನ ಎಣ್ಣೆ ಬಲು ಕಡಿಮೆ, ಬೇಗ ಬತ್ತುವಂಥದ್ದು. ಅದು ಇರುವಾಗಲೇ ಬೇರೆ ಹೊಟ್ಟೆಪಾಡು ಕಂಡುಕೊಳ್ಳಬೇಕೆಂಬ ಅವಸರ ಅಲ್ಲಿನವರದ್ದು. 1979ರಲ್ಲಿ ಜೆಬೆಲ್ ಅಲಿ ಬಂದರು ತೆರೆದಾಗ, ಆ ಬಟಾಬಯಲಿನಲ್ಲಿ ಇಷ್ಟು ದೊಡ್ಡ ಬಂದರು ಯಾರಿಗೆ ಎಂದು ಕೇಳಿದವರಿದ್ದರು. ಇವತ್ತು ಅದು ಜಗತ್ತಿನ ಗಿಜಿಗುಡುವ ಬಂದರುಗಳಲ್ಲೊಂದು. ಮೊದಲು ಕಟ್ಟು, ಬರುವವರು ಬರುತ್ತಾರೆ ಎಂಬ ಧೈರ್ಯ ದುಬೈಗೆ ಬಂದದ್ದು ಇಂಥ ಗೆಲುವುಗಳಿಂದ. ಹೊಸ ನಿಲ್ದಾಣದ ಹಿಂದಿರುವುದೂ ಅದೇ ಧೈರ್ಯ.

1985ರ ಅಕ್ಟೋಬರ್ 25ರಂದು ಎಮಿರೇಟ್ಸ್ ಹಾರಾಟ ಶುರು ಮಾಡಿತು. ವಿಮಾನಗಳು ಪಾಕಿಸ್ತಾನದ ಪಿಐಎಯಿಂದ ಬಾಡಿಗೆಗೆ ತಂದವು. ಮೊದಲ ಊರು ಕರಾಚಿ, ಅದರ ಬೆನ್ನಿಗೇ ಮುಂಬಯಿ ಮತ್ತು ದೆಹಲಿ. ಇವತ್ತಿಗೂ ದುಬೈ ನಿಲ್ದಾಣಕ್ಕೆ ಅತಿ ಹೆಚ್ಚು ಪ್ರಯಾಣಿಕರನ್ನು ಕೊಡುವ ದೇಶ ಭಾರತವೇ, 2024ರಲ್ಲಿ ಸುಮಾರು 1.2 ಕೋಟಿ. ದಕ್ಷಿಣ ಕನ್ನಡ, ಉಡುಪಿ, ಭಟ್ಕಳದ ಕಡೆಯವರಿಗೆ ಇದನ್ನು ಹೇಳಿಕೊಡಬೇಕಿಲ್ಲ. 2006ರಲ್ಲಿ ಮಂಗಳೂರಿನಿಂದಲೇ ದುಬೈಗೆ ವಿಮಾನ ಸಿಗುವ ತನಕ ಮುಂಬಯಿ ಸುತ್ತಿ ಹೋಗಿ ದುಡಿದ ತಲೆಮಾರು ಅಲ್ಲಿದೆ.

ಗೂಡಿನ ಲೆಕ್ಕ

ವಿಮಾನಯಾನದವರು ಹಬ್ ಎನ್ನುವ ಏರ್ಪಾಟಿನ ಲೆಕ್ಕ ಸರಳವಾದದ್ದು. ನೂರು ಊರುಗಳನ್ನು ಪರಸ್ಪರ ನೇರವಾಗಿ ಜೋಡಿಸಬೇಕಾದರೆ 4,950 ಮಾರ್ಗ ಬೇಕು. ನಡುವೆ ಒಂದು ಊರು ಇಟ್ಟುಕೊಂಡು ಎಲ್ಲರನ್ನೂ ಅಲ್ಲಿಗೇ ತಂದು ಹಂಚಿದರೆ ನೂರೇ ಮಾರ್ಗ ಸಾಕು. ಕೋಳಿಕ್ಕೋಡಿನಿಂದ ಗ್ಲಾಸ್ಗೋಗೆ ದಿನವೂ ಒಂದು ವಿಮಾನ ತುಂಬುವಷ್ಟು ಜನ ಇರುವುದಿಲ್ಲ. ಆದರೆ ಕೋಳಿಕ್ಕೋಡಿನಿಂದ ದುಬೈಗೆ ಬಂದ ವಿಮಾನದಲ್ಲಿ ಗ್ಲಾಸ್ಗೋಗೆ ಹೋಗುವ ನಾಲ್ಕು ಜನ, ಬೋಸ್ಟನ್ನಿಗೆ ಹೋಗುವ ಆರು ಜನ, ನೈರೋಬಿಗೆ ಇಬ್ಬರು ಸೇರಿರಬಹುದು. ಇಂಥ ಚೂರುಪಾರುಗಳನ್ನು ಒಟ್ಟುಮಾಡಿ ವಿಮಾನ ತುಂಬಿಸುವುದೇ ಹಬ್‌ನ ವ್ಯಾಪಾರ.

ಇದು ನಡೆಯಬೇಕಾದರೆ ವಿಮಾನಗಳು ದಿನವಿಡೀ ಸಮನಾಗಿ ಬಂದರೆ ಆಗದು, ಅಲೆ ಅಲೆಯಾಗಿ ಬರಬೇಕು. ಪೂರ್ವದಿಂದ ಬಂದವು ಒಟ್ಟಿಗೆ ಇಳಿದು, ಜನರನ್ನೂ ಲಗೇಜನ್ನೂ ಅದಲುಬದಲು ಮಾಡಿಕೊಂಡು, ಒಂದೆರಡು ತಾಸಿನಲ್ಲಿ ಪಶ್ಚಿಮದವು ಒಟ್ಟಿಗೆ ಏರಬೇಕು. ಯುರೋಪಿನ ಅನೇಕ ನಿಲ್ದಾಣಗಳಲ್ಲಿ ಸುತ್ತಲಿನವರ ನಿದ್ದೆಗೆಂದು ರಾತ್ರಿ ಹಾರಾಟಕ್ಕೆ ಕಡಿವಾಣವಿದೆ. ದುಬೈಗೆ ಅಂಥ ನಿರ್ಬಂಧವಿಲ್ಲ, ಅದರ ಒಂದು ದೊಡ್ಡ ಅಲೆ ಏಳುವುದೇ ನಡುರಾತ್ರಿಯ ನಂತರ. ನಮ್ಮವರು ನಿದ್ದೆಗಣ್ಣಿನಲ್ಲಿ ಸುಂಕವಿಲ್ಲದ ಅಂಗಡಿಗಳ ಮುಂದೆ ಅಡ್ಡಾಡುವುದು ಈ ವೇಳಾಪಟ್ಟಿಯ ಕೃಪೆ. ಅಲೆ ಬಂದ ಹೊತ್ತಿನಲ್ಲಿ ರನ್‌ವೇ ಸಾಲದೆ ಹೋದರೆ ಇಡೀ ಲೆಕ್ಕ ಕೆಡುತ್ತದೆ. ಮೊದಲು ಹೇಳಿದ ಆ 400 ಮೀಟರ್ ಯಾಕಷ್ಟು ದುಬಾರಿ ಎಂಬುದು ಇಲ್ಲಿ ತಿಳಿಯುತ್ತದೆ.

ಹೊಸ ಜಾಗಕ್ಕೆ ಇನ್ನೊಂದು ಅನುಕೂಲವುಂಟು. ಚೀನಾದಿಂದ ಹಡಗಿನಲ್ಲಿ ಬಂದ ಸರಕನ್ನು ಜೆಬೆಲ್ ಅಲಿ ಬಂದರಿನಲ್ಲಿ ಇಳಿಸಿ, ಸುಂಕದ ರಗಳೆಯಿಲ್ಲದ ರಸ್ತೆಯಲ್ಲಿ ನೇರ ನಿಲ್ದಾಣಕ್ಕೆ ತಂದು ಯುರೋಪಿಗೆ ಹಾರಿಸಬಹುದು. ಪೂರ್ತಿ ಹಡಗಿಗಿಂತ ಬೇಗ, ಪೂರ್ತಿ ವಿಮಾನಕ್ಕಿಂತ ಅಗ್ಗ.

ಒಮ್ಮೆ ಮುಗ್ಗರಿಸಿದ ಯೋಜನೆ

ಕೆಲವರು ಇದನ್ನು 2024ರ ಹೊಸ ಕನಸೆಂದು ತಿಳಿದಿದ್ದಾರೆ. ಹಾಗಿಲ್ಲ. ಎರಡು ಸಾವಿರದ ದಶಕದ ನಡುವಿನಲ್ಲೇ ಜೆಬೆಲ್ ಅಲಿಯಲ್ಲಿ ಜಗತ್ತಿನ ಅತಿ ದೊಡ್ಡ ನಿಲ್ದಾಣ ಕಟ್ಟುವ ಮಾತು ಹೊರಬಿದ್ದಿತ್ತು. ಅಷ್ಟರಲ್ಲಿ ಹಣಕಾಸಿನ ಬಿಕ್ಕಟ್ಟು ಬಂತು. 2009ರ ನವೆಂಬರಿನಲ್ಲಿ ಸರ್ಕಾರಿ ಒಡೆತನದ ದುಬೈ ವರ್ಲ್ಡ್ ಸಾಲ ತೀರಿಸಲು ಗಡುವು ಕೇಳಿದಾಗ ಜಗತ್ತಿನ ಷೇರುಪೇಟೆಗಳೇ ನಡುಗಿದವು. ಅಬುಧಾಬಿ 1,000 ಕೋಟಿ ಡಾಲರ್ ಕೊಟ್ಟು ಕೈಹಿಡಿಯಿತು. ಮರುವರ್ಷ ತೆರೆದ ಜಗತ್ತಿನ ಅತಿ ಎತ್ತರದ ಕಟ್ಟಡಕ್ಕೆ ಕೊನೆಯ ಗಳಿಗೆಯಲ್ಲಿ ಅಬುಧಾಬಿಯ ದೊರೆ ಖಲೀಫಾರ ಹೆಸರು ಬಿತ್ತು.

ಆ ಬಿರುಗಾಳಿಯ ನಡುವೆ, 2010ರ ಜೂನ್ 27ರಂದು, ಅಲ್ ಮಕ್ತೂಮ್ ನಿಲ್ದಾಣ ಒಂದೇ ರನ್‌ವೇಯೊಂದಿಗೆ ಸರಕು ವಿಮಾನಗಳಿಗೆ ತೆರೆಯಿತು. ಪ್ರಯಾಣಿಕರು ಬಂದದ್ದು 2013ರ ಅಕ್ಟೋಬರಿನಲ್ಲಿ. 2014ರಲ್ಲಿ 3,200 ಕೋಟಿ ಡಾಲರ್ ವಿಸ್ತರಣೆ ಘೋಷಣೆಯಾಯಿತು, ಅದೂ ಕೆಲವೇ ವರ್ಷಗಳಲ್ಲಿ ನಿಂತಿತು. ಹಳೆಯ ನಿಲ್ದಾಣದ ರನ್‌ವೇ ದುರಸ್ತಿಯಾಗುವಾಗ ಹೆಚ್ಚುವರಿ ವಿಮಾನಗಳಿಗೆ ಜಾಗ ಕೊಡುವುದು, ಎರಡು ವರ್ಷಕ್ಕೊಮ್ಮೆ ವಿಮಾನ ಪ್ರದರ್ಶನ ನಡೆಸುವುದು, ಇಷ್ಟೇ ಅದರ ಪಾಡಾಯಿತು. ಕೊರೊನಾ ಕಾಲದಲ್ಲಿ ಎಮಿರೇಟ್ಸ್ ತನ್ನ ದೈತ್ಯ ಎ380ಗಳನ್ನು ಸಾಲುಸಾಲಾಗಿ ಅಲ್ಲಿ ನಿಲ್ಲಿಸಿತ್ತು. ಜಗತ್ತಿನ ಅತಿ ದೊಡ್ಡ ನಿಲ್ದಾಣವಾಗಬೇಕಿದ್ದದ್ದು ಕೆಲಕಾಲ ಅತಿ ದುಬಾರಿ ಪಾರ್ಕಿಂಗ್ ಜಾಗವಾಗಿತ್ತು.

ಆಮೇಲೆ ಪ್ರಯಾಣಿಕರು ಎಣಿಸಿದ್ದಕ್ಕಿಂತ ಬೇಗ ಮರಳಿದರು. ಈಗಿನ ಯೋಜನೆಯ ಪ್ರಕಾರ ಮೊದಲ ಹಂತ ಹತ್ತು ವರ್ಷದೊಳಗೆ ಮುಗಿದು 15 ಕೋಟಿ ಪ್ರಯಾಣಿಕರಿಗೆ ಸಾಕಾಗಬೇಕು, ಹಳೆಯ ನಿಲ್ದಾಣದ ವಹಿವಾಟೆಲ್ಲ ಅಲ್ಲಿಗೆ ಹೋಗಬೇಕು. ಸುತ್ತ ಹತ್ತು ಲಕ್ಷ ಜನರಿಗೆ ಮನೆಗಳ ಅಗತ್ಯ ಬೀಳಲಿದೆ ಎಂದು ಸರ್ಕಾರವೇ ಹೇಳಿದೆ. ಊರಿಗೊಂದು ನಿಲ್ದಾಣ ಎಂಬ ಮಾತು ತಿರುವುಮುರುವಾಗಿ, ನಿಲ್ದಾಣಕ್ಕೊಂದು ಊರು ಎದ್ದೇಳಬೇಕಾಗಿದೆ.

ಬಿಸಿಲು, ಉಪ್ಪು, ಮಳೆ

ಮರಳುಗಾಡಿನಲ್ಲಿ ಕಟ್ಟುವುದು ಸುಲಭವೆಂದು ಮೇಲುನೋಟಕ್ಕೆ ಅನಿಸುತ್ತದೆ. ಸಮತಟ್ಟು ನೆಲ, ಕಡಿಯಲು ಕಾಡಿಲ್ಲ, ತರಿಯಲು ಗುಡ್ಡವಿಲ್ಲ. ಕೈಬಿಡಿ ಎಂದು ಕೂರುವ ರೈತರಂತೂ ಇಲ್ಲವೇ ಇಲ್ಲ. ನಮ್ಮ ದೇವನಹಳ್ಳಿಯ ಬಳಿ ವೈಮಾನಿಕ ಉದ್ಯಮಕ್ಕೆಂದು ಗುರುತಿಸಿದ್ದ 1,777 ಎಕರೆಗಾಗಿ ಚನ್ನರಾಯಪಟ್ಟಣ ಹೋಬಳಿಯ ರೈತರು ಮೂರು ವರ್ಷ ಮೀರಿ ಧರಣಿ ಕೂತರು, 2025ರ ಜುಲೈನಲ್ಲಿ ಸರ್ಕಾರವೇ ಹಿಂದೆ ಸರಿಯಿತು. ಜೆಬೆಲ್ ಅಲಿಯಲ್ಲಿ 17,000 ಎಕರೆಗೂ ಮಿಕ್ಕ ನೆಲಕ್ಕೆ ಒಬ್ಬ ದೊರೆಯ ಸಹಿ ಸಾಕಾಯಿತು. ಗಲ್ಫ್‌ನ ವೇಗವನ್ನು ಹೊಗಳುವವರು ಆ ವೇಗದ ಈ ಮೂಲವನ್ನೂ ಹೇಳಿದರೆ ನ್ಯಾಯ.

ನೆಲ ಸಿಕ್ಕ ಮೇಲೆ ಕಷ್ಟಗಳು ಶುರು. ಮೊದಲನೆಯದು ಬಿಸಿಲು. ಗಾಳಿ ಕಾದಷ್ಟೂ ತೆಳುವಾಗುತ್ತದೆ. 45 ಡಿಗ್ರಿಯ ಗಾಳಿ 15 ಡಿಗ್ರಿಯ ಗಾಳಿಗಿಂತ ಹೆಚ್ಚುಕಡಿಮೆ ಹತ್ತರಲ್ಲೊಂದು ಪಾಲು ಹಗುರ. ತೆಳು ಗಾಳಿಯಲ್ಲಿ ರೆಕ್ಕೆಗೆ ಎತ್ತುವ ಬಲ ಕಡಿಮೆ, ಎಂಜಿನ್ನಿಗೆ ನೂಕುವ ಬಲವೂ ಕಡಿಮೆ. ಆದ್ದರಿಂದ ವಿಮಾನ ಇನ್ನಷ್ಟು ವೇಗ ಪಡೆದೇ ಮೇಲೇಳಬೇಕು, ಅದಕ್ಕೆ ಇನ್ನಷ್ಟು ಉದ್ದ ಓಡಬೇಕು. ಅಲ್ ಮಕ್ತೂಮ್‌ನ ಈಗಿನ ರನ್‌ವೇ ನಾಲ್ಕೂವರೆ ಕಿಲೋಮೀಟರ್ ಇರುವುದು ಶೋಕಿಗಲ್ಲ. ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಮೇಲಿರುವ ಬೆಂಗಳೂರಿನಲ್ಲಿ ಇದೇ ಕೆಲಸವನ್ನು ಎತ್ತರ ಮಾಡುತ್ತದೆ. ದುಬೈನ ಕಡು ಬೇಸಿಗೆಯಷ್ಟೇ ಗಾಳಿಯನ್ನು ಅದು ತೆಳುವಾಗಿಸುತ್ತದೆ, ನಮ್ಮ ಎರಡೂ ರನ್‌ವೇಗಳು 4,000 ಮೀಟರ್ ಇರುವುದಕ್ಕೆ ಅದೂ ಒಂದು ಕಾರಣ.

ರನ್‌ವೇಗಳ ದಿಕ್ಕು ವಾಯವ್ಯದಿಂದ ಆಗ್ನೇಯಕ್ಕೆ. ಕೊಲ್ಲಿಯ ಮೇಲಿಂದ ಬೀಸುವ ಶಮಾಲ್ ಗಾಳಿ ವಾಯವ್ಯದ್ದು. ವಿಮಾನ ಏರುವಾಗಲೂ ಇಳಿಯುವಾಗಲೂ ಗಾಳಿಗೆ ಮುಖ ಕೊಡಬೇಕು. ಹಳೆಯ ನಿಲ್ದಾಣವೂ ಹೆಚ್ಚುಕಡಿಮೆ ಇದೇ ದಿಕ್ಕಿಗಿದೆ.

ಮರಳಿನ ನಡುವೆ ಕೂತು ಮರಳಿಗೆ ಪರದಾಡುವುದು ಗಲ್ಫ್‌ನ ಗುತ್ತಿಗೆದಾರರ ಹಣೆಬರಹ. ಗಾಳಿಗೆ ಉರುಳಿ ಉರುಳಿ ನುಣುಪಾದ, ಅತಿ ಸಣ್ಣ ಕಾಳಿನ ದಿಬ್ಬದ ಮರಳು ಒಳ್ಳೆಯ ಕಾಂಕ್ರೀಟಿಗೆ ಒಗ್ಗುವುದಿಲ್ಲ, ಸಿಮೆಂಟಿನೊಂದಿಗೆ ಗಟ್ಟಿಯಾಗಿ ಹಿಡಿದುಕೊಳ್ಳಲು ಕಾಳಿಗೆ ಮೂಲೆಮೊನೆ ಬೇಕು. ಹಾಗಾಗಿ ದೇಶದ ಉತ್ತರ ಮತ್ತು ಪೂರ್ವದ ಹಜರ್ ಬೆಟ್ಟಸಾಲಿನ ಕಲ್ಲುಗಣಿಗಳಿಂದ ಜಲ್ಲಿಯನ್ನೂ ಪುಡಿಗಲ್ಲನ್ನೂ ಲಾರಿಗಟ್ಟಲೆ ತರುತ್ತಾರೆ. ದಿಬ್ಬದ ಮರಳು ಕೆಳಗೆ ತುಂಬಲು ಸಾಕು. ನೀರು ಹಾಕಿ, ನಡುಗುವ ರೋಲರ್ ಓಡಿಸಿ, ಪದರ ಪದರವಾಗಿ ಒತ್ತಿದರೆ, ಪಕ್ಕಕ್ಕೆ ಜಾರದಂತೆ ಕಟ್ಟಿಹಾಕಿದ ಮರಳು ಭಾರಿ ತೂಕ ಹೊರುತ್ತದೆ. 1960ರ ಆ ಡಿಸಿ-3ಗಳು ನೆಚ್ಚಿಕೊಂಡದ್ದೂ ಇದನ್ನೇ.

ಉಪ್ಪು ಇದಕ್ಕಿಂತ ಕಪಟಿ. ಕರಾವಳಿಯ ಹತ್ತಿರ ಅಂತರ್ಜಲ ಮೇಲೆಯೇ ಇರುತ್ತದೆ, ಕಡಲಿಗಿಂತ ಉಪ್ಪಾಗಿಯೂ ಇರಬಹುದು. ಬಿಸಿಲಿಗೆ ಆ ನೀರು ಮಣ್ಣಿನ ಸಂದುಗಳಲ್ಲಿ ಮೇಲೇರಿ ಆವಿಯಾಗುತ್ತದೆ, ಉಪ್ಪು ಹರಳುಗಟ್ಟಿ ಡಾಂಬರನ್ನು ಒಳಗಿನಿಂದ ಎಬ್ಬಿಸುತ್ತದೆ. ಕಾಂಕ್ರೀಟಿಗೆ ನುಗ್ಗಿದರೆ ಒಳಗಿನ ಕಬ್ಬಿಣ ತುಕ್ಕು ಹಿಡಿಯುತ್ತದೆ. ನೀರು ಏರದಂತೆ ನಡುವೆ ದಪ್ಪ ಜಲ್ಲಿಯ ಪದರ ಹಾಸುವುದು, ಕಬ್ಬಿಣದ ಕುಲುಮೆಯ ಕಿಟ್ಟದ ಪುಡಿ ಬೆರೆಸಿದ ಸಿಮೆಂಟು ಬಳಸುವುದು, ಬೇಸಿಗೆಯಲ್ಲಿ ಐಸು ಹಾಕಿ ತಂಪು ಮಾಡಿದ ಕಾಂಕ್ರೀಟನ್ನು ರಾತ್ರಿ ಸುರಿಯುವುದು ಅಲ್ಲಿನ ನಿತ್ಯದ ಪದ್ಧತಿ.

ಮಳೆಯನ್ನು ಮಾತ್ರ ಯಾರೂ ಲೆಕ್ಕಕ್ಕೆ ಹಿಡಿದಿರಲಿಲ್ಲ. ನಕ್ಷೆಗೆ ಒಪ್ಪಿಗೆ ಬೀಳುವುದಕ್ಕೆ ಹನ್ನೆರಡು ದಿನ ಮುಂಚೆ, 2024ರ ಏಪ್ರಿಲ್ 16ರಂದು, ದಾಖಲೆ ಇಡಲು ಶುರು ಮಾಡಿದ 75 ವರ್ಷಗಳಲ್ಲೇ ಕಾಣದಂಥ ಮಳೆ ಆ ದೇಶದ ಮೇಲೆ ಸುರಿಯಿತು. ಅಲ್ ಐನ್ ಕಡೆಯ ಒಂದು ಜಾಗದಲ್ಲಿ ಒಂದು ದಿನದೊಳಗೆ 254 ಮಿಲಿಮೀಟರ್. ನಮ್ಮ ಆಗುಂಬೆಗೆ ಇದೇನೂ ದೊಡ್ಡದಲ್ಲ, ಆದರೆ ವರ್ಷಕ್ಕೆ ನೂರು ಮಿಲಿಮೀಟರಿನ ಆಸುಪಾಸು ಮಳೆ ಕಾಣುವ ನಾಡಿಗೆ ಅದು ಪ್ರಳಯ. ಜಗತ್ತಿನ ಮೊದಲ ದರ್ಜೆಯ ನಿಲ್ದಾಣದಲ್ಲಿ ವಿಮಾನಗಳು ನೀರು ಸೀಳಿಕೊಂಡು ಓಡಾಡಿದವು, ಸಾವಿರಕ್ಕೂ ಹೆಚ್ಚು ಹಾರಾಟ ರದ್ದಾದವು. ಎರಡು ತಿಂಗಳಲ್ಲಿ ದುಬೈ 3,000 ಕೋಟಿ ದಿರ್ಹಮ್‌ನ ಚರಂಡಿ ಯೋಜನೆಯನ್ನು ಘೋಷಿಸಿತು. ನೆಲದಾಳಕ್ಕೆ ಇಳಿಯುವ ರೈಲು, ಲಗೇಜಿನ ಸುರಂಗ, ತಳಮಹಡಿಗಳನ್ನೆಲ್ಲ ನೆಚ್ಚಿಕೊಂಡ ನಿಲ್ದಾಣಕ್ಕೆ ಈ ಚರಂಡಿ ರನ್‌ವೇಯಷ್ಟೇ ಮುಖ್ಯ.

ಇದನ್ನೆಲ್ಲ ಕೈಯಾರೆ ಮಾಡುವವರು ಭಾರತ, ಪಾಕಿಸ್ತಾನ, ನೇಪಾಳ, ಬಾಂಗ್ಲಾದೇಶದವರು. ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12.30ರಿಂದ 3ರ ತನಕ ಬಿಸಿಲಿನಲ್ಲಿ ಕೆಲಸ ಮಾಡಿಸಕೂಡದೆಂಬ ಕಾನೂನಿದೆ. ಒಳ್ಳೆಯದೇ. ಆದರೆ ಆಗಸ್ಟಿನ ಕರಾವಳಿಯ ಸೆಖೆಗೆ ಗಡಿಯಾರ ಗೊತ್ತಿಲ್ಲ. ತೇವ ತುಂಬಿದ ಗಾಳಿಯಲ್ಲಿ ಬೆವರು ಆರುವುದಿಲ್ಲ, ಬೆವರು ಆರದಿದ್ದರೆ ಮೈ ತಣಿಯುವುದಿಲ್ಲ, ಬೆಳಗಿನ ಹತ್ತಕ್ಕೂ ಅಪಾಯ ಅಪಾಯವೇ. ಸಂಘ ಕಟ್ಟುವ ಹಕ್ಕಿಲ್ಲ, ಮುಷ್ಕರಕ್ಕೆ ಅವಕಾಶವಿಲ್ಲ. ಊರಿನ ಏಜೆಂಟಿಗೆ ಸಾಲ ಮಾಡಿ ಕೊಟ್ಟ ದುಡ್ಡು ತೀರುವ ತನಕ ಮರಳಿ ಬರುವ ಮಾತೂ ಇಲ್ಲ. 12,800 ಕೋಟಿ ದಿರ್ಹಮ್ ಎಂಬ ಅಂಕಿಯಲ್ಲಿ ಈ ಸಾಲದ ಬಡ್ಡಿ ಸೇರಿರುವುದಿಲ್ಲ.

ಒಂದೇ ರಾತ್ರಿಯ ಸ್ಥಳಾಂತರ

ಕಟ್ಟಿದ್ದಾಯಿತು ಅನ್ನಿ, ಹೋಗುವುದು ಹೇಗೆ? ಅರ್ಧ ವಿಮಾನ ಹಳೆಯದರಲ್ಲಿ, ಅರ್ಧ ಹೊಸದರಲ್ಲಿ ಎಂದಿಟ್ಟುಕೊಂಡರೆ ಹಬ್ ಸತ್ತಂತೆ. ಇದಕ್ಕೆ ಪಾಠವಾಗಿ ನಿಂತಿರುವುದು ಕೆನಡಾದ ಮಾಂಟ್ರಿಯಲ್. 1975ರಲ್ಲಿ ಅಲ್ಲಿ ಮಿರಾಬೆಲ್ ಎಂಬ ಭಾರಿ ನಿಲ್ದಾಣ ತೆರೆದರು. ವಿದೇಶದ ವಿಮಾನಗಳು ಅಲ್ಲಿ, ದೇಶದೊಳಗಿನವು ಹಳೆಯ ಡೊರ್ವಾಲ್‌ನಲ್ಲಿ. ಒಂದರಿಂದ ಇನ್ನೊಂದಕ್ಕೆ ರಸ್ತೆಯಲ್ಲಿ ಅಲೆಯುವ ಬದಲು ಪ್ರಯಾಣಿಕರು ಟೊರೊಂಟೊ ದಾರಿ ಹಿಡಿದರು. 2004ರಲ್ಲಿ ಮಿರಾಬೆಲ್‌ನಿಂದ ಪ್ರಯಾಣಿಕ ವಿಮಾನಗಳು ನಿಂತವು, ಹತ್ತು ವರ್ಷದ ನಂತರ ಟರ್ಮಿನಲ್ ಕೆಡವಲಾಯಿತು.

ಹಾಗಾಗಬಾರದೆಂದರೆ ಎಲ್ಲವೂ ಒಂದೇ ರಾತ್ರಿಯಲ್ಲಿ ಹೋಗಬೇಕು. ಬೆಂಗಳೂರಿನವರಿಗೆ ಇಂಥ ರಾತ್ರಿಯ ನೆನಪಿದೆ. 2008ರ ಮೇ ತಿಂಗಳಲ್ಲಿ ಎಚ್‌ಎಎಲ್ ನಿಲ್ದಾಣದ ವಾಣಿಜ್ಯ ಹಾರಾಟ ನಿಂತು ದೇವನಹಳ್ಳಿಯಲ್ಲಿ ಶುರುವಾಯಿತು, ದೂರವಾಯಿತೆಂಬ ಗೊಣಗಾಟ ವರ್ಷಗಟ್ಟಲೆ ನಡೆಯಿತು. ಆದರೆ ಬೆಂಗಳೂರು ಆಗ ಹಬ್ ಆಗಿರಲಿಲ್ಲ. ದೊಡ್ಡ ಹಬ್‌ಗಳ ಸ್ಥಳಾಂತರದಲ್ಲಿ ಸರಿಯಾಗಿ ನಡೆದದ್ದೂ ಇದೆ, ಎಡವಿದ್ದೂ ಇದೆ. 2019ರ ಏಪ್ರಿಲಿನಲ್ಲಿ ಇಸ್ತಾಂಬುಲ್ ಎರಡು ದಿನದೊಳಗೆ ಮುಗಿಸಿತು. 1998ರ ಜುಲೈನಲ್ಲಿ ಹಾಂಗ್‌ಕಾಂಗ್ ಒಂದೇ ರಾತ್ರಿಯಲ್ಲಿ ಹೋದರೂ ಸರಕು ವಿಭಾಗ ಕುಸಿದು ವಾರಗಟ್ಟಲೆ ಸರಕು ಕೊಳೆಯಿತು. ಅಮೆರಿಕದ ಡೆನ್ವರ್‌ನಲ್ಲಿ ಲಗೇಜು ಸಾಗಿಸುವ ಯಂತ್ರವ್ಯವಸ್ಥೆ ಕೈಕೊಟ್ಟು ನಿಲ್ದಾಣದ ಉದ್ಘಾಟನೆಯೇ 16 ತಿಂಗಳು ಮುಂದೆ ಹೋಗಿ 1995ಕ್ಕೆ ಬಿತ್ತು. ಮೂರೂ ಕಡೆ ರನ್‌ವೇ ತೊಂದರೆ ಕೊಡಲಿಲ್ಲ. ಕೈಕೊಟ್ಟ ಕಡೆಗಳಲ್ಲಿ ಕೈಕೊಟ್ಟದ್ದು ಪೆಟ್ಟಿಗೆ ಸಾಗಿಸುವ ಏರ್ಪಾಟು.

ನೆರೆಹೊರೆಯವರೂ ಸುಮ್ಮನಿಲ್ಲ. ದೋಹಾ 2014ರಲ್ಲೇ ಹೊಸ ನಿಲ್ದಾಣಕ್ಕೆ ಹೋಗಿಯಾಯಿತು, ಅಬುಧಾಬಿಯ ಹೊಸ ಟರ್ಮಿನಲ್ 2023ರಲ್ಲಿ ತೆರೆಯಿತು, ರಿಯಾದ್‌ನಲ್ಲಿ ಆರು ರನ್‌ವೇಗಳ ಕಿಂಗ್ ಸಲ್ಮಾನ್ ನಿಲ್ದಾಣದ ಯೋಜನೆ 2022ರಲ್ಲಿ ಘೋಷಣೆಯಾಗಿದೆ. ಎಲ್ಲರೂ ನೆಚ್ಚಿರುವುದು ಹೆಚ್ಚುಕಡಿಮೆ ಅದೇ ಪ್ರಯಾಣಿಕರನ್ನು. ಎಲ್ಲರ ಮೇಲಿರುವ ಆಕಾಶವೂ ಒಂದೇ. 2025ರ ಜೂನ್ 23ರಂದು ಕತಾರಿನ ಅಮೆರಿಕನ್ ನೆಲೆಯ ಮೇಲೆ ಇರಾನ್ ಕ್ಷಿಪಣಿ ಹಾರಿಸಿದಾಗ ಕತಾರ್ ತನ್ನ ಆಕಾಶ ಮುಚ್ಚಿತು, ಇಡೀ ಕೊಲ್ಲಿಯ ಹಾರಾಟ ಅಸ್ತವ್ಯಸ್ತವಾಯಿತು. ಹಾದುಹೋಗುವವರನ್ನು ನಂಬಿದ ಊರಿಗೆ ಇದಕ್ಕಿಂತ ದೊಡ್ಡ ಭಯವಿಲ್ಲ, ಏಕೆಂದರೆ ಹಾದುಹೋಗುವವರಿಗೆ ಬೇರೆ ದಾರಿಗಳಿವೆ.

ಆ ಬೇರೆ ದಾರಿಗಳನ್ನು ಹುಡುಕುತ್ತಿರುವವರಲ್ಲಿ ನಾವೂ ಇದ್ದೇವೆ. ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೊಗೆ 2021ರ ಜನವರಿಯಲ್ಲಿ ಏರ್ ಇಂಡಿಯಾ ನೇರ ಹಾರಿತು. 2023ರಲ್ಲಿ ಏರ್ ಇಂಡಿಯಾ 470, ಇಂಡಿಗೊ 500 ವಿಮಾನಗಳಿಗೆ ಆರ್ಡರ್ ಕೊಟ್ಟವು. ಇದೇ ಹೊತ್ತಿಗೆ ಎಮಿರೇಟ್ಸ್ 2022ರ ಅಕ್ಟೋಬರಿನಲ್ಲಿ ಬೆಂಗಳೂರಿಗೆ ದಿನವೂ ಎ380 ಹಾರಿಸಲು ಶುರು ಮಾಡಿತು. ಅದು ಬಯಸಿದಷ್ಟು ವಿಮಾನ ತರುವಂತಿಲ್ಲ, ಹಾಗಾಗಿ ತರುವುದನ್ನೇ ದೊಡ್ಡದಾಗಿ ತರುವುದು ಜಾಣತನ. ಎರಡು ಸರ್ಕಾರಗಳ ನಡುವಿನ ಒಪ್ಪಂದದಂತೆ ದುಬೈ ಕಡೆಯ ವಿಮಾನಗಳಿಗೆ ಭಾರತಕ್ಕೆ ವಾರಕ್ಕೆ ಸುಮಾರು 66,000 ಸೀಟುಗಳ ಮಿತಿಯಿದೆ. ಹತ್ತು ವರ್ಷಗಳಿಂದ ದೆಹಲಿ ಅದನ್ನು ಏರಿಸಿಲ್ಲ. ಇನ್ನೂ 50,000 ಕೊಡಿ ಎಂದು ದುಬೈ 2022ರಲ್ಲೇ ಕೇಳಿತ್ತು. ನಮ್ಮ ಪ್ರಯಾಣಿಕರನ್ನು ನಮ್ಮ ನಿಲ್ದಾಣಗಳಿಂದಲೇ ಕಳಿಸುತ್ತೇವೆ ಎಂಬುದು ಭಾರತದ ವಾದ.